ಉಬ್ಬು ಅಂಚಿನ ಚಾಕು, ಮಚ್ಚು: ಕೈಯಲ್ಲೇ ಸಾಣೆ ಹಿಡಿಯೋದು ಹೇಗೆ?

ಪ್ರಶ್ನೆ: ಚಾರಣಕ್ಕೆ ಅಂತ ಫೆಲ್‌ಕ್ನಿವೆನ್ ಎಫ್1 ಚಾಕು ತರಿಸಿಕೊಂಡಿದ್ದೆ. ಬಳಸಿ ಬಳಸಿ ಮೊಂಡಾಗಿದೆ. ಅಡುಗೆಮನೆಯಲ್ಲಿರುವ ಎಳೆಯುವ ಶಾರ್ಪನರ್‌ಗೆ ಹಾಕಲು ಹೋದರೆ ಗೆಳೆಯರು ಬೇಡ ಅಂದರು, ಇದರದ್ದು ಉಬ್ಬು ಅಂಚಂತೆ. ಕಲ್ಲಿನ ಮೇಲೆ ಉಜ್ಜಿದೆ, ಹೊಳಪು ಬಂತು, ಹರಿತ ಬರಲಿಲ್ಲ. ಏನು ಮಾಡಲಿ? (ಜೆ.ಪಿ. ನಗರದ ಓದುಗರು)

ಉತ್ತರ: ಗೆಳೆಯರು ತಡೆದಿದ್ದು ಒಳ್ಳೆಯದೇ ಆಯಿತು. ಆ ಶಾರ್ಪನರ್ ಒಳಗೆ ಎರಡು ಗಟ್ಟಿ ತುಂಡುಗಳು ವಿ ಆಕಾರದಲ್ಲಿ ಕೂತಿರುತ್ತವೆ. ಯಾವ ಚಾಕು ಹಾಕಿದರೂ ಅದೇ ಒಂದು ಕೋನಕ್ಕೆ ಕೆರೆದು ಬಿಡುತ್ತವೆ. ನಿಮ್ಮ ಚಾಕುವಿಗೆ ಅದು ಬೇಡ.

ಸಾಮಾನ್ಯ ಅಡುಗೆ ಚಾಕುವಿನ ಅಂಚಿನಲ್ಲಿ ಎರಡೂ ಕಡೆ ಚಪ್ಪಟೆ ಇಳಿಜಾರು ಇರುತ್ತದೆ. ಅದು ಎಲ್ಲಿ ಶುರುವಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ, ಒಂದು ಗೆರೆ ಇರುತ್ತದೆ. ಉಬ್ಬು ಅಂಚಿನಲ್ಲಿ ಆ ಗೆರೆ ಇಲ್ಲ. ಅಲಗಿನ ಮೈ ಹೊರಕ್ಕೆ ಬಾಗುತ್ತಾ ಬಾಗುತ್ತಾ ಬಂದು ಕೊನೆಯಲ್ಲಿ ಕೂಡುತ್ತದೆ, ಸೇಬಿನ ಬೀಜದ ಮೊನೆಯ ಹಾಗೆ. ಅಂಚಿನ ಹಿಂದೆಯೇ ಉಕ್ಕು ಜಾಸ್ತಿ ಇರುವುದರಿಂದ ಏಟು ತಡೆಯುತ್ತದೆ. ಕಡಿದಾಗ ಮರವನ್ನು ಎರಡೂ ಕಡೆಗೆ ತಳ್ಳುತ್ತದೆ, ಸಿಕ್ಕಿಕೊಳ್ಳುವುದು ಕಡಿಮೆ. ಕೊಡಲಿಯ ಬಾಯಿ ಹೀಗೇ ಇರುತ್ತದೆ. ನಿಮ್ಮ ಬೀದಿಯ ಎಳನೀರು ಗಾಡಿಯ ಮಚ್ಚನ್ನು ಕೇಳಿ, ತುದಿಯ ಕಡೆಯಿಂದ ಒಮ್ಮೆ ನೋಡಿ. ವರ್ಷಗಟ್ಟಲೆ ಕೈಯಲ್ಲೇ ಕಲ್ಲಿಗೆ ಉಜ್ಜಿ ಉಜ್ಜಿ ಅದಕ್ಕೆ ತಾನಾಗಿಯೇ ಈ ಉಬ್ಬು ಬಂದಿರುತ್ತದೆ.

ಈಗ ನಿಮ್ಮ ತೊಂದರೆ. ಹೊಳಪು ಬಂದು ಹರಿತ ಬರಲಿಲ್ಲ ಅಂದರೆ ಕಲ್ಲು ಅಂಚನ್ನು ಮುಟ್ಟಿಯೇ ಇಲ್ಲ, ಅಂಚಿನ ಹಿಂದಿನ ಭಾಗವನ್ನು ಮಾತ್ರ ಉಜ್ಜಿದೆ. ಆ ಹಿಂದಿನ ಭಾಗವನ್ನು ನಾನು ಹೆಗಲು ಅಂತ ಕರೆಯುತ್ತೇನೆ. ಇದರ ಉಲ್ಟಾ ತಪ್ಪು ಇನ್ನೂ ಜಾಸ್ತಿ ಜನ ಮಾಡುತ್ತಾರೆ. ಬೇಗ ಹರಿತ ಬರಲಿ ಅಂತ ಚಾಕುವನ್ನು ತುಂಬಾ ಎತ್ತಿ ಹಿಡಿದು ತುದಿ ಅಂಚನ್ನಷ್ಟೇ ಉಜ್ಜುತ್ತಾರೆ. ಅವತ್ತು ಪೇಪರ್ ಸರ್ ಅಂತ ಕತ್ತರಿಸುತ್ತದೆ. ಆದರೆ ಪ್ರತಿ ಸಲ ಹೀಗೆ ಮಾಡಿದರೆ ಅಂಚು ಮೇಲಕ್ಕೆ ಸವೆಯುತ್ತಾ ಹೋಗುತ್ತದೆ, ಹೆಗಲು ದಪ್ಪಗೇ ಉಳಿಯುತ್ತದೆ. ಕೊನೆಗೆ ಕೂದಲು ಬೋಳಿಸುವಷ್ಟು ಹರಿತ ಇದ್ದರೂ ಕ್ಯಾರೆಟ್ ಒಳಗೆ ಇಳಿಯಲ್ಲ, ಸೀಳಿ ಹಾಕುತ್ತದೆ. ಉಬ್ಬು ಅಂಚಿನ ಕೆಲಸದಲ್ಲಿ ಹೆಗಲನ್ನೂ ಅಂಚನ್ನೂ ಒಟ್ಟಿಗೆ ಸವೆಸಬೇಕು. ಮೊದಲು ಹೆಗಲು, ಆಮೇಲೆ ಅಂಚು.

ಕಲಿಯುವವರಿಗೆ ಕಲ್ಲಿಗಿಂತ ಕಾಗದ ಸುಲಭ. ಹಳೆಯದೊಂದು ಮೌಸ್ ಪ್ಯಾಡ್, ಮತ್ತು ಕಾರಿಗೆ ಪೇಂಟ್ ಮಾಡುವವರು ಬಳಸುವ ವಾಟರ್ ಪೇಪರ್ ಅನ್ನುವ ಸ್ಯಾಂಡ್‌ಪೇಪರ್, ಇಷ್ಟೇ ಸಾಕು. ಪೇಂಟ್ ಅಂಗಡಿಗಳಲ್ಲಿ, ಎಸ್.ಪಿ. ರಸ್ತೆ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. 400, 800, 1500, 2000 ನಂಬರಿನದು ಒಂದೊಂದು ಹಾಳೆ ತನ್ನಿ. ನಂಬರ್ ಹೆಚ್ಚಾದಷ್ಟು ನಯ. ಪ್ಯಾಡಿನ ಮೇಲೆ ಕಾಗದ ಹಾಸಿಕೊಳ್ಳಿ. ಪ್ಯಾಡ್ ಮೆತ್ತಗಿರುವುದರಿಂದ ಅಲಗು ಒತ್ತಿದ ಕಡೆ ಕಾಗದ ತಗ್ಗುತ್ತದೆ, ಉಬ್ಬಿಗೆ ತಕ್ಕಂತೆ ತಾನೇ ಬಾಗುತ್ತದೆ. ನೀವು ಉಬ್ಬಿಗೆ ತಕ್ಕಂತೆ ಕೈ ತಿರುಗಿಸುವ ಕಷ್ಟ ಇಲ್ಲ.

ಶುರು ಮಾಡುವ ಮೊದಲು ಕಪ್ಪು ಮಾರ್ಕರ್ ಪೆನ್ನಿನಲ್ಲಿ ಅಂಚಿನುದ್ದಕ್ಕೂ ಬಳಿಯಿರಿ. ಹೆಗಲಿಗೂ ಬಳಿಯಿರಿ. ದಯವಿಟ್ಟು ಇದನ್ನು ಬಿಡಬೇಡಿ. ಚಾಕುವನ್ನು ಕಾಗದದ ಮೇಲೆ ಪೂರ್ತಿ ಮಲಗಿಸಿ. ಬೆನ್ನನ್ನು ಸ್ವಲ್ಪವೇ ಎತ್ತಿ, ಬೆನ್ನು ಮುಂದೆ, ಅಂಚು ಹಿಂದೆ ಇರುವ ಹಾಗೆ ಎಳೆಯಿರಿ. ಅಂಚು ಮುಂದೆ ಮಾಡಿ ತಳ್ಳಿದರೆ ಕಾಗದ ಹರಿಯುತ್ತದೆ, ಮೆತ್ತನೆ ಪ್ಯಾಡಿಗೂ ಕಚ್ಚುತ್ತದೆ. ನಾಲ್ಕೈದು ಸಲ ಎಳೆದು ಮಸಿ ಎಲ್ಲಿ ಹೋಗಿದೆ ನೋಡಿ. ಹೆಗಲಲ್ಲಿ ಹೋಗಿ ಅಂಚಿನಲ್ಲಿ ಉಳಿದಿದ್ದರೆ ಬೆನ್ನನ್ನು ಇನ್ನೊಂದು ಚೂರು ಎತ್ತಿ. ಅಂಚಿನಲ್ಲಿ ಮಾತ್ರ ಹೋಗಿದ್ದರೆ ಇಳಿಸಿ. ಅಂದಾಜಿಗೆ ಹೇಳುವುದಾದರೆ, ಅಲಗು 3 ಸೆಂಟಿಮೀಟರ್ ಅಗಲ ಇದ್ದಾಗ ಬೆನ್ನು 8 ಮಿಲಿಮೀಟರ್ ಎತ್ತಿದರೆ ಕೋನ ಸುಮಾರು 15 ಡಿಗ್ರಿ. ಮೆತ್ತನೆ ಪ್ಯಾಡಿನ ಮೇಲೆ ಅದಕ್ಕಿಂತ ಕಡಿಮೆಯಿಂದಲೇ ಶುರು ಮಾಡಿ, ಯಾಕೆಂದರೆ ಕಾಗದ ತಾನಾಗಿ ಅಂಚಿನ ಕಡೆ ಏರಿ ಬರುತ್ತದೆ.

ಕೈ ಭಾರ ಬಿಡಬೇಡಿ. ಜೋರಾಗಿ ಒತ್ತಿದರೆ ಅಲಗಿನ ಕೆಳಗೆ ಪ್ಯಾಡ್ ತಗ್ಗಿ, ಅಂಚು ದಾಟಿದ ಕೂಡಲೇ ಮೇಲಕ್ಕೆ ಪುಟಿಯುತ್ತದೆ. ಆ ಪುಟಿಯುವ ಕಾಗದ ಅಂಚನ್ನೇ ಉಜ್ಜಿ ದುಂಡಗೆ ಮಾಡುತ್ತದೆ. ಎಷ್ಟೇ ಹೊತ್ತು ಉಜ್ಜಿದರೂ ಹರಿತ ಬರುತ್ತಿಲ್ಲ ಅಂತ ಬರೆಯುವವರಲ್ಲಿ ಹೆಚ್ಚಿನವರದ್ದು ಇದೇ ಕಥೆ, ಹರಿತ ಬರಲಿಲ್ಲ ಅಂತ ಇನ್ನೂ ಜಾಸ್ತಿ ಒತ್ತುತ್ತಾರೆ, ಅದು ಇನ್ನೂ ದುಂಡಗಾಗುತ್ತದೆ. ಚಾಕುವಿನ ಸ್ವಂತ ತೂಕಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ ಒತ್ತಡ ಸಾಕು. ಎಳೆತದ ಕೊನೆಯಲ್ಲಿ ಮಣಿಕಟ್ಟು ತಿರುಗಿಸಿ ಎತ್ತುವ ಅಭ್ಯಾಸವೂ ಬಿಡಬೇಕು. ಮೊದಲು ಕೈ ನಿಲ್ಲಿಸಿ, ಆಮೇಲೆ ನೇರ ಮೇಲಕ್ಕೆ ಎತ್ತಿ. ಚಾಕುವಿನ ಹೊಟ್ಟೆ ಬಾಗಿ ತುದಿಯ ಕಡೆ ಹೋಗುವಾಗ ಹಿಡಿಯನ್ನು ಸ್ವಲ್ಪ ಎತ್ತಿದರೆ ಸರಿಹೋಗುತ್ತದೆ. ಇಲ್ಲದಿದ್ದರೆ ತುದಿಯಲ್ಲಿ ಮಸಿ ಹಾಗೇ ಉಳಿದಿರುವುದು ಕಾಣುತ್ತದೆ.

ಒಂದು ಕಡೆ ಎಷ್ಟು ಸಲ? ಲೆಕ್ಕ ಬೇಡ. ನೀವು ಉಜ್ಜದ ಇನ್ನೊಂದು ಕಡೆಗೆ ಅಂಚಿನಲ್ಲಿ ಲೋಹದ ಸಣ್ಣ ಎಳೆ ಮಡಚಿಕೊಳ್ಳುವ ತನಕ. ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಇದನ್ನು ಬರ್ ಅಂತಾರೆ. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಮೆಲ್ಲಗೆ ಸವರಿದರೆ ತರತರ ಅನ್ನುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಎಂದೂ ಬೆರಳು ಓಡಿಸಬೇಡಿ. ಹಿಡಿಯಿಂದ ತುದಿಯವರೆಗೂ ಬರ್ ಸಿಕ್ಕಿತೋ, ಚಾಕು ತಿರುಗಿಸಿ ಇನ್ನೊಂದು ಕಡೆ ಮಾಡಿ. ಬರ್ ಬಾರದೆ ಮುಂದಿನ ನಂಬರಿನ ಕಾಗದಕ್ಕೆ ಹೋಗಬೇಡಿ. 400ರಲ್ಲಿ ಆಗದ ಕೆಲಸ 2000ದಲ್ಲಿ ಆಗುವುದಿಲ್ಲ.

800 ದಾಟಿದ ಮೇಲೆ ಎರಡು ಕಡೆಗೂ ಒಂದೊಂದು ಸಲ ಬದಲಿಸುತ್ತಾ ಹೋಗಿ, ಬರ್ ಸಣ್ಣದಾಗುತ್ತಾ ಬರುತ್ತದೆ. ಕೊನೆಗೆ ಹಳೇ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಹಸಿರು ಬಫಿಂಗ್ ಸೋಪು ಉಜ್ಜಿ, ಅದರ ಮೇಲೆ ಅದೇ ರೀತಿ ಹಿಂದಕ್ಕೆ ಎಳೆಯಿರಿ. ಆ ಹಸಿರು ಕ್ರೋಮಿಯಂ ಆಕ್ಸೈಡಿನದು. ಪರೀಕ್ಷೆಗೆ ಪೇಪರ್ ಕತ್ತರಿಸುವುದಕ್ಕಿಂತ ಟ್ಯೂಬ್‌ಲೈಟ್ ಕೆಳಗೆ ಅಂಚನ್ನು ಮೇಲೆ ಮಾಡಿ ಹಿಡಿದು ನೋಡುವುದು ನನಗೆ ಹೆಚ್ಚು ಇಷ್ಟ. ಹರಿತ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ. ಎಲ್ಲಿ ಮಿಣುಕ್ ಅಂತ ಹೊಳೆಯುತ್ತದೋ ಅಲ್ಲಿ ಇನ್ನೂ ಮೊಂಡು ಇದೆ. ಆಮೇಲೆ ಒಂದು ಹಣ್ಣು ಟೊಮೆಟೊ ಕತ್ತರಿಸಿ ನೋಡಿ.

ಮೊದಲ ಸಲವೇ ಒಳ್ಳೆ ಚಾಕುವಿನ ಮೇಲೆ ಕೈ ಹಾಕಬೇಡಿ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಅಗ್ಗದ ಚಾಕು ಯಾವುದಾದರೂ ಇರುತ್ತದಲ್ವಾ, ಅದರ ಮೇಲೆ ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ಊರಿಂದ ತಂದ ಮಚ್ಚನ್ನು ಸೈಕಲ್ಲಿನಲ್ಲಿ ಬರುವ ಸಾಣೆಯವರಿಗೆ ಕೊಟ್ಟೆ. ಅಂಚಿನಲ್ಲಿ ಅಲ್ಲಲ್ಲಿ ನೀಲಿ ಬಣ್ಣ ಬಂದಿದೆ. ತೆಂಗಿನಕಾಯಿ ಸುಲಿದರೆ ಒಂದೇ ದಿನಕ್ಕೆ ಮೊಂಡು. (ರಾಜಾಜಿನಗರ)

ಉತ್ತರ: ನೀಲಿ ಬಂತು ಅಂದರೆ ಅಲ್ಲಿ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿದೆ. ತೆಳು ಅಂಚಿನಲ್ಲಿ ಅದಕ್ಕಿಂತಲೂ ಜಾಸ್ತಿ ಇರಬಹುದು. ಕಮ್ಮಾರರು ಕೊಟ್ಟ ಹದ ಆ ಜಾಗದಲ್ಲಿ ಹೋಗಿರುವ ಸಾಧ್ಯತೆ ಇದೆ. ಒಂದು ಸಣ್ಣ ಅರ ತಗೊಂಡು ನೀಲಿ ಇರುವ ಕಡೆ ಒಮ್ಮೆ, ನೀಲಿ ಇಲ್ಲದ ಕಡೆ ಒಮ್ಮೆ ಹಾಕಿ ನೋಡಿ. ನೀಲಿ ಕಡೆ ಸಲೀಸಾಗಿ ಕಚ್ಚಿ, ಪಕ್ಕದಲ್ಲಿ ಬಿಗಿ ಅನ್ನಿಸಿದರೆ ಹದ ಹೋಗಿದೆ ಅಂತಲೇ ಅರ್ಥ. ಅಂಚನ್ನು ಒಂದೆರಡು ಮಿಲಿಮೀಟರ್ ಅರದಲ್ಲಿ ಸವೆಸಿದರೆ ಸಾಮಾನ್ಯವಾಗಿ ಒಳ್ಳೆಯ ಉಕ್ಕು ಸಿಗುತ್ತದೆ. ಮನೆಯಲ್ಲಿ ಗ್ಯಾಸ್ ಒಲೆ ಮೇಲೆ ಕಾಯಿಸಿ ನೀರಿಗೆ ಅದ್ದುವ ಪ್ರಯತ್ನ ಬೇಡ, ಹದ ಕೊಡುವುದು ಕಮ್ಮಾರರ ಕೆಲಸ.

ಸೈಕಲ್ ಸಾಣೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅಡುಗೆ ಚಾಕು, ಕತ್ತರಿಗೆ ಅವರ ಕೈ ಬೇಕು, ಅದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ ತಿರುಗುವ ಚಕ್ರ ದುಂಡಗಿರುತ್ತದೆ. ಅಂಚಿನಲ್ಲಿ ಅದು ಉಬ್ಬು ಬಿಡುವುದಿಲ್ಲ, ಒಳಕ್ಕೆ ಕೊರೆಯುತ್ತದೆ. ಅಂಚಿನ ಹಿಂದಿನ ಉಕ್ಕು ಹೋಗಿ ಮಚ್ಚು ತೆಳುವಾಗುತ್ತದೆ, ತೆಂಗಿನ ಕರಟಕ್ಕೆ ತಾಗಿದರೆ ಅಂಚು ಮಡಚುತ್ತದೆ. ನಿಮಗೆ ಒಂದೇ ದಿನಕ್ಕೆ ಮೊಂಡಾಗುತ್ತಿರುವುದಕ್ಕೆ ಇದೂ ಕಾರಣ.

ಮಚ್ಚು ದೊಡ್ಡದು, ಅದನ್ನು ಆಡಿಸಬೇಡಿ. ಮೇಜಿಗೆ ಕ್ಲಾಂಪ್ ಹಾಕಿ ಬಿಗಿದು, ಅರ ಮತ್ತು ಕಲ್ಲನ್ನು ಆಡಿಸಿ. ದಪ್ಪ ಕೈಗವಸು ಇರಲಿ. ಮೊದಲು ಅರವನ್ನು ಮೈಗೆ ತುಂಬಾ ಒರಗಿಸಿ ಹೆಗಲನ್ನು ಸವೆಸಿ. ಆಮೇಲೆ ಸ್ವಲ್ಪ ಎತ್ತಿ ಮಧ್ಯದ ಭಾಗ. ಕೊನೆಗೆ ಇನ್ನೂ ಎತ್ತಿ, ಸುಮಾರು 20 ಡಿಗ್ರಿಗೆ, ಅಂಚು. ಈಗ ಮೂರು ಚಪ್ಪಟೆ ಮುಖ, ನಡುವೆ ಎರಡು ಏಣು ಇರುತ್ತವೆ. ಕಾರ್ಬೊರಂಡಮ್ ಕಲ್ಲಿನ ಒರಟು ಮುಖಕ್ಕೆ ನೀರು ಹಾಕಿಕೊಂಡು, ಸಣ್ಣ ಸಣ್ಣ ಸುತ್ತು ಸುತ್ತುತ್ತಾ, ಹೆಗಲಿಂದ ಅಂಚಿಗೆ ಕಲ್ಲನ್ನು ತೂಗಾಡಿಸುತ್ತಾ ಹೋದರೆ ಆ ಏಣುಗಳು ಕರಗಿ ಒಂದೇ ಉಬ್ಬಾಗುತ್ತದೆ. ಬೆರಳಿಗೆ ಏಣು ತಾಗದಿದ್ದರೆ ಆಯಿತು. ನಯ ಮುಖದಿಂದ ಬರ್ ತೆಗೆದು ಅಲ್ಲಿಗೇ ನಿಲ್ಲಿಸಿ. ಮಚ್ಚಿಗೆ ಕನ್ನಡಿ ಹೊಳಪು ಬೇಕಿಲ್ಲ. ಸ್ವಲ್ಪ ಒರಟು ಅಂಚೇ ತೆಂಗಿನ ನಾರನ್ನು ಚೆನ್ನಾಗಿ ಹಿಡಿದು ಕತ್ತರಿಸುತ್ತದೆ.

ಪ್ರಶ್ನೆ: ಅಜ್ಜಿಯ ಈಳಿಗೆ ಮಣೆ ಇದೆ. ಅದರ ಬಾಗು ಕೂಡ ಉಬ್ಬು ಅಂಚೇನಾ? (ಮಲ್ಲೇಶ್ವರಂ)

ಉತ್ತರ: ಅಲ್ಲ. ಅದು ಪಕ್ಕದಿಂದ ನೋಡಿದಾಗ ಕಾಣುವ ಬಾಗು. ಉಬ್ಬು ಇದೆಯೋ ಇಲ್ಲವೋ ಅನ್ನುವುದು ಅಲಗನ್ನು ತುದಿಯ ಕಡೆಯಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ತರಕಾರಿಗೆ ತೆಳು ಅಂಚೇ ಒಳ್ಳೆಯದು, ಅದಕ್ಕೆ ಬಲವಂತವಾಗಿ ಉಬ್ಬು ಕೊಡಬೇಡಿ. ಮಣೆಯ ಮೇಲೆ ಯಾವತ್ತಿನಂತೆ ಕೂರದೆ ಅಲಗಿನ ಹಿಂದೆ ಕೂತು, ಸಣ್ಣ ನಯವಾದ ಕಲ್ಲನ್ನು ಎರಡೂ ಕಡೆ ಬೆನ್ನಿನಿಂದ ಅಂಚಿನಾಚೆಗೆ ಮೆಲ್ಲಗೆ ಎಳೆದರೆ ಸಾಕು.

ಪ್ರಶ್ನೆ: ಕಾರ್ಬನ್ ಉಕ್ಕಿನ ಒಪಿನೆಲ್ ಮಡಚು ಚಾಕು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬಹುದಾ? (ಕೆಂಗೇರಿ)

ಉತ್ತರ: ಧಾರಾಳವಾಗಿ ಹಚ್ಚಿ, ತೆಳುವಾಗಿ. ಅದು ಒಣಗಿ ಅಂಟಾಗುವ ಎಣ್ಣೆಯಲ್ಲ, ಹಣ್ಣು ಕತ್ತರಿಸುವ ಚಾಕುವಿಗೂ ತೊಂದರೆ ಇಲ್ಲ. ಡಿಸೆಂಬರ್ ಬೆಳಿಗ್ಗೆ ಗಟ್ಟಿಯಾಗಿದ್ದರೆ ಬೆರಳಲ್ಲಿ ಉಜ್ಜಿದರೆ ಕರಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆಯನ್ನು ಕೀಲಿಗೆ ಒಂದು ಹನಿ ಬಿಡಿ, ಅಲಗಿಗೆ ಬೇಡ. ಒದ್ದೆಯಾದ ಮೇಲೆ ಮಡಚಿ ಇಡಬೇಡಿ, ಹಿಡಿಯ ಮರ ನೀರು ಕುಡಿದು ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ಚರ್ಮದ ಒರೆ ಇರುವ ಚಾಕುಗಳಿದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಒರೆಯಿಂದ ಹೊರಗೆ, ಒಣ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಎಣ್ಣೆ ಹಚ್ಚಿದ್ದರೂ ಅಂಚಿನಲ್ಲಿ ತುಕ್ಕಿನ ಚುಕ್ಕೆ ಬೀಳುತ್ತದೆ.