ಕ್ಯಾಟರಿಂಗ್‌ಗೆ ಟ್ರಾನ್ಸಿಟ್ಟೋ, ಪ್ರೋಮಾಸ್ಟರೋ?

ನಮಸ್ಕಾರ. ನ್ಯೂಜೆರ್ಸಿಯಲ್ಲಿ ಮದುವೆ ಊಟ ಸಾಗಿಸಲು ಫೋರ್ಡ್ ಟ್ರಾನ್ಸಿಟ್ ವ್ಯಾನ್ ಒಳ್ಳೆಯದಾ, ರಾಮ್ ಪ್ರೋಮಾಸ್ಟರ್ ವ್ಯಾನ್ ಒಳ್ಳೆಯದಾ ಎಂದು ಕೇಳಿದ್ದೀರಿ. ಒಳಗೆ ನೆಟ್ಟಗೆ ನಿಲ್ಲುವಂತಿರಬೇಕು ಎಂದೂ ಬರೆದಿದ್ದೀರಿ.

ನಿಮ್ಮ ಕೆಲಸಕ್ಕೆ ನಾನು ಪ್ರೋಮಾಸ್ಟರ್ ಅನ್ನುತ್ತೇನೆ. ಮುಖ್ಯ ಕಾರಣ ಅದರ ನೆಲ. ಇಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲ. ಹಾಗಾಗಿ ನೆಲ ರಸ್ತೆಯಿಂದ ಸುಮಾರು 21 ಇಂಚು ಅಷ್ಟೇ. ಟ್ರಾನ್ಸಿಟ್‌ನಲ್ಲಿ 28 ಇಂಚಿನ ಹತ್ತಿರ. ಏಳು ಇಂಚು ತಾನೆ ಅನ್ನಿಸಬಹುದು. ಆದರೆ ಬಿಸಿ ಸಾಂಬಾರಿನ ಕೊಳಗವನ್ನು ಇಬ್ಬರು ಬಟ್ಟೆ ಹಿಡಿದು ಎತ್ತುವಾಗ, ಮೊಣಕಾಲಿನ ಎತ್ತರಕ್ಕೂ ತೊಡೆಯ ಎತ್ತರಕ್ಕೂ ಇರುವ ವ್ಯತ್ಯಾಸ ಸೊಂಟಕ್ಕೆ ಗೊತ್ತಾಗುತ್ತದೆ, ಅಲ್ವಾ? ಅದೂ ದಿನಕ್ಕೆ ಇಪ್ಪತ್ತು ಸಲ.

ನಿಲ್ಲುವುದಕ್ಕೆ ಎರಡರಲ್ಲೂ ಹೈ ರೂಫ್ (ಎತ್ತರದ ಚಾವಣಿಯ) ಮಾದರಿಯನ್ನೇ ನೋಡಿ. ಪ್ರೋಮಾಸ್ಟರ್‌ನಲ್ಲಿ ಒಳಗೆ ಸುಮಾರು 6 ಅಡಿ 4 ಇಂಚು ಸಿಗುತ್ತದೆ, ಟ್ರಾನ್ಸಿಟ್‌ನಲ್ಲಿ ಇನ್ನೂ ಜಾಸ್ತಿ. ಆದರೆ ಇಷ್ಟೆತ್ತರದ ಗಾಡಿ ಎಷ್ಟೋ ಪಾರ್ಕಿಂಗ್ ಕಟ್ಟಡಗಳೊಳಗೆ ಹೋಗುವುದಿಲ್ಲ. ಹಾಲ್‌ನವರನ್ನು ಮೊದಲೇ ಕೇಳಿಕೊಳ್ಳಿ.

ಹಿಮ ಬಿದ್ದ ಏರುರಸ್ತೆಯಲ್ಲೇ ನಿಮ್ಮ ಓಡಾಟವಾದರೆ ಮಾತ್ರ ನನ್ನ ಮಾತು ಬದಲು. ಟ್ರಾನ್ಸಿಟ್‌ನಲ್ಲಿ ನಾಲ್ಕೂ ಚಕ್ರ ಎಳೆಯುವ ಮಾದರಿ ಇದೆ, ಪ್ರೋಮಾಸ್ಟರ್‌ನಲ್ಲಿ ಇಲ್ಲ.

ಭಾರದ ಲೆಕ್ಕಕ್ಕೆ ಜಾಹೀರಾತು ನಂಬಬೇಡಿ. ಡ್ರೈವರ್ ಬಾಗಿಲು ತೆಗೆದರೆ ಅದರ ಪಕ್ಕದ ಚೌಕಟ್ಟಿನ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎರಡೂ ಸೇರಿ ಎಷ್ಟು ಹೊರಬಹುದು ಎಂದು ಅದರಲ್ಲಿರುತ್ತದೆ. ಆಮೇಲೆ ಕೂರಿಸುವ ಕಬ್ಬಿಣದ ರ‍್ಯಾಕಿನ ತೂಕವನ್ನೂ ಅದರಲ್ಲೇ ಕಳೆಯಬೇಕು.