ಡಿಡಿ ಫ್ರೀ ಡಿಶ್ ಅನ್ನು ಕಂಪ್ಯೂಟರ್‌ನಲ್ಲಿ ನೋಡಿ ರೆಕಾರ್ಡ್ ಮಾಡುವುದು ಹೇಗೆ?

ಉಪಗ್ರಹ ಟಿವಿ ಸಿಗ್ನಲ್ ಹಿಡಿದು ಕಂಪ್ಯೂಟರ್‌ಗೆ ಕೊಡುವ ಡಿವಿಬಿ-ಎಸ್2 ಟ್ಯೂನರ್ ಕಾರ್ಡ್ ಬೇಕು. ಅಗ್ಗಕ್ಕೆ ಸಿಗುವ ಡಿವಿಬಿ-ಟಿ2 ಯುಎಸ್‌ಬಿ ಕಡ್ಡಿ ಕೊಳ್ಳಬೇಡಿ, ಅದು ನೆಲದ ಟಿವಿ ಗೋಪುರಗಳ ಸಿಗ್ನಲ್‌ಗಾಗಿ ಇರುವುದು, ಉಪಗ್ರಹದ ಸಿಗ್ನಲ್ ಹಿಡಿಯುವುದೇ ಇಲ್ಲ. ಖಾಸಗಿ ಡಿಟಿಎಚ್ ಚಾನೆಲ್‌ಗಳಿಗೆ ಬೀಗವಿದೆ, ಅವುಗಳ ಆಸೆ ಬಿಡಿ.

ಡಿಶ್ ಅನ್ನು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರ ಕಡೆ ತಿರುಗಿಸಿ. ಬೆಂಗಳೂರಿನಿಂದ ಅದು ಆಗ್ನೇಯಕ್ಕೆ, ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಸಾಧನ) ಕೇಬಲ್ ನೇರ ಕಾರ್ಡಿಗೇ ಬರಲಿ. ಸಾದಾ ಸ್ಪ್ಲಿಟರ್ ಹಾಕಿ ಸೆಟ್‌ಟಾಪ್ ಬಾಕ್ಸಿಗೂ ಹಂಚಿದರೆ 13 ಮತ್ತು 18 ವೋಲ್ಟ್‌ಗಳ ಜಗಳ ಶುರು: ಒಂದು 13 ವೋಲ್ಟ್ ಕೊಟ್ಟು ವರ್ಟಿಕಲ್ (ಲಂಬ ಅಲೆ) ಕೇಳಿದಾಗ ಇನ್ನೊಂದು 18 ವೋಲ್ಟ್ ಕೊಟ್ಟು ಹಾರಿಜಾಂಟಲ್ (ಅಡ್ಡ ಅಲೆ) ಕೇಳುತ್ತದೆ, ಚಾನೆಲ್ ಮಾಯ.

ಲಿನಕ್ಸ್‌ನಲ್ಲಿ ಟಿವಿ ನೋಡಿ ರೆಕಾರ್ಡ್ ಮಾಡುವ ಟಿವಿಹೆಡೆಂಡ್ ತಂತ್ರಾಂಶ ಹಾಕಿ, ಬ್ರೌಸರ್‌ನಲ್ಲಿ ಅದೇ ಯಂತ್ರದ 9981ನೇ ಪೋರ್ಟ್ ತೆರೆಯಿರಿ. ಕಾರ್ಡೇ ಕಾಣದಿದ್ದರೆ ಕರ್ನಲ್ ಲಾಗ್ (ಲಿನಕ್ಸ್ ಬರೆದಿಡುವ ಸಂದೇಶಗಳ ದಾಖಲೆ) ನೋಡಿ. ಸಾಮಾನ್ಯವಾಗಿ ಕಾರಣ, ಕಾರ್ಡನ್ನು ನಡೆಸುವ ಫರ್ಮ್‌ವೇರ್ ಕಡತ ಇಲ್ಲದಿರುವುದು. ಎಲ್‌ಎನ್‌ಬಿ 'ಯೂನಿವರ್ಸಲ್' ಆರಿಸಿ, ಆವರ್ತನ 11090 ಮೆಗಾಹರ್ಟ್ಸ್ ವರ್ಟಿಕಲ್, ಸಿಂಬಲ್ ರೇಟ್ (ಸಿಗ್ನಲ್ ವೇಗ) 29500 ಕೊಟ್ಟು ಸ್ಕ್ಯಾನ್ ಮಾಡಿ. ಉಳಿದ ಟ್ರಾನ್ಸ್‌ಪಾಂಡರ್‌ಗಳನ್ನೂ (ಒಂದೇ ಆವರ್ತನದಲ್ಲಿ ಹಲವು ಚಾನೆಲ್ ಕಳಿಸುವ ಉಪಗ್ರಹದ ಘಟಕಗಳು) ಹೀಗೇ ಸೇರಿಸಿ.

ಒಂದು ಟ್ಯೂನರ್ ಒಮ್ಮೆಗೆ ಒಂದೇ ಟ್ರಾನ್ಸ್‌ಪಾಂಡರ್ ಹಿಡಿಯುತ್ತದೆ, ಆದರೆ ಅದರೊಳಗಿನ ಎಷ್ಟು ಚಾನೆಲ್ ಬೇಕಾದರೂ ಒಟ್ಟಿಗೆ ರೆಕಾರ್ಡ್ ಆಗುತ್ತವೆ. ಬಿಟ್‌ರೇಟ್ 3 ಎಂಬಿಪಿಎಸ್ ಇದ್ದರೆ ಗಂಟೆಗೆ ಸುಮಾರು 1.35 ಜಿಬಿ. ಆರಂಭಕ್ಕೆ 2, ಕೊನೆಗೆ 10 ನಿಮಿಷ ಹೆಚ್ಚುವರಿ ಇಡಿ.