ಬಂಡೆಯ ಮೇಲೆ ಕಾಲೂರದ ಪಾತ್ರ

ಪ್ರಶ್ನೆ: 3ಡಿ ಪಾತ್ರಗಳ ತಂತ್ರಾಂಶವಾದ ಡಾಜ್ ಸ್ಟುಡಿಯೋದಲ್ಲಿ ಸಿದ್ಧಪಡಿಸಿದ, ಸೀರೆಯುಟ್ಟ ಮಹಿಳೆಯ ಪಾತ್ರವನ್ನು ಭೂದೃಶ್ಯಗಳ ತಂತ್ರಾಂಶವಾದ ಟೆರಾಜೆನ್‌ನಲ್ಲಿ ರೂಪಿಸಿದ ಲಾಲ್‌ಬಾಗ್ ಬಂಡೆಯ ದೃಶ್ಯಕ್ಕೆ ತಂದರೆ ಆಕೆ ಬೆಟ್ಟಕ್ಕಿಂತ ಎತ್ತರವಾಗುತ್ತಾಳೆ. ಕುಗ್ಗಿಸಿದರೂ ತೇಲಿದಂತೆ ಕಾಣುತ್ತಾಳೆ. ಪರಿಹಾರವೇನು?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಡಾಜ್ ಸ್ಟುಡಿಯೋದ ಮೂಲಮಾನ ಸೆಂಟಿಮೀಟರ್, ಟೆರಾಜೆನ್‌ನದು ಮೀಟರ್. 3ಡಿ ಆಕೃತಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಓಬಿಜೆ ಕಡತ ಅಂಕಿಗಳನ್ನಷ್ಟೇ ಒಯ್ಯುವುದರಿಂದ 165 ಸೆಂಟಿಮೀಟರ್ ಎತ್ತರದ ಮಹಿಳೆ ಅಲ್ಲಿ 165 ಮೀಟರ್ ಆಗುತ್ತಾಳೆ. ರಫ್ತು ಮಾಡುವಾಗಲೇ ಅಳತೆಯನ್ನು ಶೇ. 1ಕ್ಕೆ ಇಳಿಸಿ.

ತೇಲುವಿಕೆಯೇ ನಿಜವಾದ ತೊಡಕು. ಲಾಲ್‌ಬಾಗಿನ ಆ ಬಂಡೆ (ನೈಸ್ ಎಂಬ ಬಗೆಯ ಶಿಲೆ) ಹೆಚ್ಚಿನ ಕಡೆ ಸಮತಟ್ಟಾಗಿಲ್ಲ. ಓಬಿಜೆ ಕಡತದಲ್ಲಿ ಪಾತ್ರದ ಭಂಗಿ ಸ್ಥಿರವಾಗಿಬಿಡುವುದರಿಂದ ಟೆರಾಜೆನ್‌ಗೆ ಬಂದ ಮೇಲೆ ಪಾದವನ್ನು ಬಾಗಿಸಲಾಗದು. ಆದ್ದರಿಂದ ಆಕೆ ನಿಲ್ಲುವ ಜಾಗದ ಇಳಿಜಾರನ್ನು ಮೊದಲು ಗುರುತಿಸಿಕೊಂಡು, ಡಾಜ್‌ನಲ್ಲಿ ಅದೇ ಕೋನದ ಹಲಗೆಯೊಂದನ್ನು ಇರಿಸಿ, ಹಿಮ್ಮಡಿಯೂ ಬೆರಳುಗಳೂ ಅದಕ್ಕೆ ತಾಗುವಂತೆ ಕಣಕಾಲನ್ನು ತಿರುಗಿಸಿ, ಆಮೇಲೆ ರಫ್ತು ಮಾಡಿ.

ಸಾಧ್ಯವಾದರೆ ಪಾತ್ರ, ಬಂಡೆ ಎರಡನ್ನೂ ಟೆರಾಜೆನ್‌ನಲ್ಲೇ ಒಟ್ಟಿಗೆ ರೆಂಡರ್ ಮಾಡಿ (ಅಂತಿಮ ಚಿತ್ರವಾಗಿಸಿ) ಎಂಬುದು ನನ್ನ ಸಲಹೆ, ಏಕೆಂದರೆ ಹಿಮ್ಮಡಿಯಡಿಯ ದಟ್ಟ ನೆರಳೂ ಸೀರೆಯ ಅಂಚಿಗೆ ಬಂಡೆಯಿಂದ ಪ್ರತಿಫಲಿಸುವ ಮಂದ ಬೆಳಕೂ ಆಗ ಸಹಜವಾಗಿ ಮೂಡುತ್ತವೆ. ಚರ್ಮ, ಕೂದಲಿನ ಅಂದಕ್ಕಾಗಿ ಪಾತ್ರವನ್ನು ಡಾಜ್‌ನ ರೆಂಡರ್ ಎಂಜಿನ್ ಆದ ಐರೇಯಲ್ಲೇ ಪ್ರತ್ಯೇಕವಾಗಿ ರೆಂಡರ್ ಮಾಡುವುದಾದರೆ ಸೂರ್ಯನ ದಿಕ್ಕು, ಕ್ಯಾಮೆರಾದ ಎತ್ತರ ಮತ್ತು ಲೆನ್ಸಿನ ನಾಭಿದೂರ ಎರಡೂ ಕಡೆ ಒಂದೇ ಆಗಿರಬೇಕು.